ಎಂಜಿನ್ನಿನ ಎಣ್ಣೆ: ಯಾವುದು, ಎಷ್ಟು ಕಾಲಕ್ಕೆ?



ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಪ್ರೀತಿ ಎಂಬುದು ಒಂದು ಅರ್ಥ. ಎಣ್ಣೆ, ಜಿಡ್ಡು ಎಂಬುದು ಇನ್ನೊಂದು ಅರ್ಥ. ಒಂದನ್ನೊಂದು ಉಜ್ಜುವ ಎರಡು ವಸ್ತುಗಳು ಸವೆಯದಂತೆ ನಡುವೆ ನಿಂತು ಕಾಯುವುದು ಎಣ್ಣೆಯ ಧರ್ಮ. ಎತ್ತಿನ ಬಂಡಿ ಹೂಡಿ ಬಾಳಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಚ್ಚಿಗೆ ಕೀಲೆಣ್ಣೆ ಬೀಳದೆ ಬಂಡಿ ಊರ ಅಗಸಿಯನ್ನು ದಾಟುತ್ತಿರಲಿಲ್ಲ. ನಮ್ಮ ಹೊಲಗಳ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯನ್ನೇ 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳ ಎಂಜಿನ್ನುಗಳಿಗೂ ಬಳಸಿದ್ದರೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಇಂದು ಬಂಡಿಯ ಸ್ಥಳದಲ್ಲಿ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು, ಕಾರು ಬಂದು ನಿಂತಿವೆ. ಆದರೆ ಅವುಗಳ ಎಣ್ಣೆಯ ವಿಷಯದಲ್ಲಿ ಮನೆಮನೆಯಲ್ಲಿಯೂ ಗೊಂದಲವೇ ಕಾಣುತ್ತದೆ. ಅಂಗಡಿಯವನು ಒಂದು ಡಬ್ಬಿಯನ್ನು ಮುಂದಿಡುತ್ತಾನೆ. ಮೆಕ್ಯಾನಿಕ್ ಮತ್ತೊಂದನ್ನು ಹೇಳುತ್ತಾನೆ. “ಕಪ್ಪಾದ ಮೇಲೆ ಬದಲಿಸಿದರಾಯಿತು” ಎಂದು ನೆರೆಯವರು ತೀರ್ಮಾನ ಕೊಡುತ್ತಾರೆ. ಎಣ್ಣೆಗೆ ತಗಲುವ ವೆಚ್ಚ ಅಲ್ಪ. ಎಂಜಿನ್ನನ್ನು ಬಿಚ್ಚಿಸಬೇಕಾಗಿ ಬಂದರೆ ಆಗುವ ವೆಚ್ಚ ಅದರ ಹಲವು ಪಟ್ಟು. ಸಾಲದಲ್ಲಿ ತಂದ ಟ್ರ್ಯಾಕ್ಟರು ಹಿಂಗಾರಿ ಬಿತ್ತನೆಯ ಹೊತ್ತಿನಲ್ಲಿ ಕೆಟ್ಟು ನಿಂತರೆ ನೆಲದ ಹದ ಯಾರಿಗಾಗಿಯೂ ಕಾಯುವುದಿಲ್ಲ.

ತರ್ಕಶಾಸ್ತ್ರದಲ್ಲಿ ಅರಿವಿನ ಸಾಧನಗಳಿಗೆ ಪ್ರಮಾಣಗಳೆಂದು ಹೆಸರು. ಬಲ್ಲವರ ಮಾತು ಶಬ್ದಪ್ರಮಾಣ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ. ಕುರುಹಿನಿಂದ ಊಹಿಸಿದ್ದು ಅನುಮಾನ. ಎಣ್ಣೆಯ ಪ್ರಶ್ನೆಯನ್ನೂ ಈ ಮೂರರಿಂದಲೇ ಬಿಡಿಸಿಕೊಳ್ಳಬಹುದು.

ಮೊದಲನೆಯದು: ಡಬ್ಬಿಯ ಮೇಲಿನ ಬರಹ

ವಾಹನದೊಡನೆ ಕಂಪನಿಯು ಕೊಟ್ಟ ಕೈಪಿಡಿಯೇ ಇಲ್ಲಿ ಶಬ್ದಪ್ರಮಾಣ. ಎಂಜಿನ್ನನ್ನು ರೂಪಿಸಿದವರೇ ಅದಕ್ಕೆ ಯಾವ ಎಣ್ಣೆ, ಎಷ್ಟು ಪ್ರಮಾಣದಲ್ಲಿ ಸಲ್ಲತಕ್ಕದ್ದೆಂದು ಅದರಲ್ಲಿ ಬರೆದಿರುತ್ತಾರೆ. ಬಹಳ ಮನೆಗಳಲ್ಲಿ ಈ ಪುಸ್ತಕ ಪೆಟ್ಟಿಗೆಯ ತಳದಲ್ಲಿ ಬಿಚ್ಚದೆಯೇ ಉಳಿದಿರುತ್ತದೆ.

ಕೈಪಿಡಿಯಲ್ಲಿಯೂ ಡಬ್ಬಿಯ ಮೇಲೆಯೂ ಇಂಗ್ಲಿಷ್ ಅಕ್ಷರಗಳ ಎರಡು ಗುರುತುಗಳಿರುತ್ತವೆ. ಒಂದು, ಎಣ್ಣೆಯ ಮಂದತೆಯನ್ನು ಹೇಳುವ ಎಸ್‌ಎಇ ಅಂಕಿ; ಉದಾಹರಣೆಗೆ 15ಡಬ್ಲ್ಯೂ-40. ಡಬ್ಲ್ಯೂ ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಿದ್ದಷ್ಟೂ ಎಣ್ಣೆ ತಂಪಿನಲ್ಲಿ ಬೇಗ ಹರಿಯುತ್ತದೆ. ಕೊನೆಯ ಅಂಕಿಯು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನು ಸೂಚಿಸುತ್ತದೆ. 20ಕ್ಕಿಂತ 30, 30ಕ್ಕಿಂತ 40 ಹೆಚ್ಚು ಮಂದ. “ಮಂದವಾದ ಎಣ್ಣೆಯೇ ಗಟ್ಟಿಮುಟ್ಟು” ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. 0ಡಬ್ಲ್ಯೂ-20ಕ್ಕೆಂದು ಕಿರಿದಾದ ಸಂದುಗಳನ್ನಿಟ್ಟು ಮಾಡಿದ ಇಂದಿನ ಕಾರಿಗೆ 20ಡಬ್ಲ್ಯೂ-50 ಹಾಕಿದರೆ, ಬೆಳಗ್ಗೆ ಚಾಲನೆ ಮಾಡಿದಾಗ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಇಂಧನವೂ ಹೆಚ್ಚು ವ್ಯಯವಾಗುತ್ತದೆ. ಮಂದ ಎಣ್ಣೆಯನ್ನು ಬೇಡುವ ಹಳೆಯ ಟ್ರ್ಯಾಕ್ಟರಿಗೆ ತೆಳು ಎಣ್ಣೆ ಹಾಕುವುದೂ ಅಷ್ಟೇ ಅಹಿತಕರ.

ಎರಡನೆಯದು ಎಪಿಐ ಎಂಬ ಗುಣದರ್ಜೆ. ಎಸ್‌ಎನ್, ಎಸ್‌ಪಿ ಎಂದು ‘ಎಸ್’ ಅಕ್ಷರದಿಂದ ಮೊದಲಾದದ್ದು ಪೆಟ್ರೋಲ್ ಎಂಜಿನ್ನಿಗೆ. ಸಿಐ-4, ಸಿಕೆ-4 ಎಂದು ‘ಸಿ’ಯಿಂದ ಮೊದಲಾದದ್ದು ಡೀಸೆಲ್ ಎಂಜಿನ್ನಿಗೆ. ಪೆಟ್ರೋಲ್ ವರ್ಗದಲ್ಲಿ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದಿನದಾದಷ್ಟೂ ದರ್ಜೆ ಹೊಸದು; ಎಸ್‌ಎನ್ ಕೇಳಿದಲ್ಲಿ ಎಸ್‌ಪಿ ಸಲ್ಲುತ್ತದೆ.

ಗೇರಿನ ಮೋಟಾರ್ ಸೈಕಲ್ಲುಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಬಹುಪಾಲಿನ ಕ್ಲಚ್ಚು ಎಂಜಿನ್ನಿನ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಕಾರಿನ ಎಣ್ಣೆಯಲ್ಲಿ ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳು ಬೆರೆತಿರುವುದುಂಟು. ಅದನ್ನು ಸುರಿದರೆ ಕ್ಲಚ್ಚು ಜಾರತೊಡಗುತ್ತದೆ. ಆದ್ದರಿಂದ ಅಂಥ ವಾಹನಕ್ಕೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತಿರುವ ಎಣ್ಣೆಯೇ ಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮದಡಿ ಮಾರಾಟವಾದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವಿರುತ್ತದೆ. ಸಾಮಾನ್ಯ ಎಣ್ಣೆ ಸುಟ್ಟಾಗ ಉಳಿಯುವ ಬೂದಿ ಈ ಶೋಧಕವನ್ನು ಕಟ್ಟಿಬಿಡುವುದರಿಂದ, ಅಂಥ ಕಾರಿನ ಕೈಪಿಡಿ ಕಡಿಮೆ ಬೂದಿಯ ಎಣ್ಣೆಯನ್ನು ಹೇಳಿದ್ದರೆ ಅದನ್ನೇ ಹಾಕಬೇಕು.

ಎರಡನೆಯದು: ಅವಧಿಯ ವಿಚಾರ

ಎಣ್ಣೆ ಹಳತಾಗುವುದೇಕೆ? ಅದು ಎಂಜಿನ್ನಿನ ಭಾಗಗಳನ್ನು ಜಾರಿಸುವುದಲ್ಲದೆ ಕಾವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತನ್ನೊಳಗೆ ಹಿಡಿದಿಡುತ್ತದೆ, ಆಮ್ಲವನ್ನು ಶಮನಗೊಳಿಸಿ ತುಕ್ಕನ್ನು ತಡೆಯುತ್ತದೆ. ಈ ಕೆಲಸಗಳಿಗಾಗಿ ಅದರಲ್ಲಿ ಬೆರೆಸಿದ ದ್ರವ್ಯಗಳು ದಿನದಿನಕ್ಕೂ ವೆಚ್ಚವಾಗುತ್ತವೆ. ಎಣ್ಣೆಯೂ ಕಾವಿನಲ್ಲಿ ಗಾಳಿಯೊಡನೆ ಬೆರೆತು ಕೆಡುತ್ತದೆ.

ಇಂದಿನ ಬಹಳಷ್ಟು ಕಾರುಗಳ ಕೈಪಿಡಿಗಳಲ್ಲಿ 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು ಎಂದಿರುತ್ತದೆ. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಗಳ ಲೆಕ್ಕ. ಮೋಟಾರ್ ಸೈಕಲ್ಲುಗಳಲ್ಲಿ ಮಾದರಿಗೊಂದು ಅವಧಿ ಇರುವುದರಿಂದ ಒಬ್ಬರದನ್ನು ನೋಡಿ ಮತ್ತೊಬ್ಬರು ನಡೆಯಲಾಗದು. “ಯಾವುದು ಮೊದಲೋ ಅದು” ಎಂಬ ಮಾತನ್ನು ಮರೆಯತಕ್ಕದ್ದಲ್ಲ. ವರ್ಷಕ್ಕೆ 3,000 ಕಿಲೋಮೀಟರು ಮಾತ್ರ ಓಡುವ ಕಾರಿಗೂ ವರ್ಷ ತುಂಬಿದೊಡನೆ ಎಣ್ಣೆ ಬದಲಾಗಬೇಕು.

ಇಲ್ಲಿ ಅನೇಕರಿಗೆ ಸೋಜಿಗವೆನಿಸುವ ಒಂದು ಸತ್ಯವಿದೆ. ಕಡಿಮೆ ಓಡಿದ ವಾಹನದ ಎಣ್ಣೆ ಹೆಚ್ಚು ಕಾಲ ಬಾಳುತ್ತದೆಂದು ನಾವು ಭಾವಿಸುತ್ತೇವೆ. ಆದರೆ ಒಂದು ಲೀಟರ್ ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಹಬೆಯಾಗಿ ಹೊಗೆಕೊಳವೆಯಿಂದ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ನಿನ ಸಂದಿನಿಂದ ಕೆಳಗಿಳಿದು ಎಣ್ಣೆಗೆ ಸೇರುತ್ತದೆ; ಉರಿಯದ ಪೆಟ್ರೋಲೂ ಕೊಂಚ ಸೇರುತ್ತದೆ. ದೂರ ಓಡುವ ವಾಹನದಲ್ಲಿ ಎಣ್ಣೆ ಚೆನ್ನಾಗಿ ಕಾದು ಈ ನೀರು ಆವಿಯಾಗುತ್ತದೆ. ದಿನವೂ ಎರಡು ಕಿಲೋಮೀಟರಿನ ಪೇಟೆಗೆ ಹೋಗಿ ಬಂದು ನಿಲ್ಲುವ ಸ್ಕೂಟರಿನಲ್ಲಿ ಎಣ್ಣೆ ಕಾಯುವುದೇ ಇಲ್ಲ. ನೀರು ಒಳಗೇ ಉಳಿದು ಆಮ್ಲಕ್ಕೂ ತುಕ್ಕಿಗೂ ಎಡೆಯಾಗುತ್ತದೆ.

ಇಂಥ ಅಲ್ಪದೂರದ ಓಡಾಟ, ಧೂಳಿನ ದಾರಿ, ನಗರದ ನಿಂತು ಸಾಗುವ ಸಂಚಾರ, ಭಾರ ಎಳೆಯುವಿಕೆ ಇವೆಲ್ಲವನ್ನೂ ಕೈಪಿಡಿಗಳು ‘ಕಠಿಣ ಬಳಕೆ’ ಎಂದು ಕರೆದು ಬೇರೆ ಕೋಷ್ಟಕವನ್ನು ಕೊಡುತ್ತವೆ. ಅವಧಿ ಅರ್ಧಕ್ಕೆ ಇಳಿಯುವುದೂ ಉಂಟು. ಎರೆಹೊಲದ ಧೂಳಿನಲ್ಲಿ ದುಡಿಯುವ ಟ್ರ್ಯಾಕ್ಟರಿನ ಮಾಲೀಕರು ಈ ಕೋಷ್ಟಕವನ್ನೇ ನೋಡತಕ್ಕದ್ದು. ಜೊತೆಗೆ ಗಾಳಿಯ ಶೋಧಕವನ್ನೂ ಶುಚಿಯಾಗಿಡತಕ್ಕದ್ದು. ಧೂಳು ಒಳಗೆ ನುಸುಳುತ್ತಿದ್ದರೆ ಎಷ್ಟು ಉತ್ತಮ ಎಣ್ಣೆಯೂ ಎಂಜಿನ್ನನ್ನು ಕಾಯಲಾರದು.

ಇನ್ನೊಂದು ತುದಿಯೂ ತಪ್ಪೇ. 10,000 ಕಿಲೋಮೀಟರಿಗೆ ಹೇಳಿದ ಎಣ್ಣೆಯನ್ನು ಸುಗಮವಾದ ಹೆದ್ದಾರಿಯ ಓಟದಲ್ಲಿಯೂ 2,000ಕ್ಕೇ ಚೆಲ್ಲುವುದು ದುಂದುವೆಚ್ಚ. ದುಬಾರಿಯ ಸಿಂಥೆಟಿಕ್ ಎಣ್ಣೆ ಕಾವನ್ನು ಹೆಚ್ಚು ತಾಳುತ್ತದೆಂಬುದು ನಿಜ. ಆದರೆ ಅದನ್ನು ಹಾಕಿದ ಮಾತ್ರಕ್ಕೆ ಕೈಪಿಡಿಯ ಅವಧಿಯನ್ನು ತಾವಾಗಿಯೇ ಹಿಗ್ಗಿಸಿಕೊಳ್ಳುವಂತಿಲ್ಲ.

ಮೂರನೆಯದು: ಕಣ್ಣಿನ ಪರೀಕ್ಷೆ

ವಾರಕ್ಕೊಮ್ಮೆ ಅಳತೆಯ ಕಡ್ಡಿಯನ್ನು ಎಳೆದು ನೋಡುವುದು ಪ್ರತ್ಯಕ್ಷ ಪ್ರಮಾಣ. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಬಂದ್ ಮಾಡಿ ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕೆಳಗೆರೆಗಿಂತ ಇಳಿದರೆ ಅಪಾಯ. ಮೇಲುಗೆರೆಯನ್ನು ಮೀರಿದರೂ ಎಣ್ಣೆ ನೊರೆಗಟ್ಟಿ ಕೆಡಕಾಗುತ್ತದೆ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗೆ ಕಂಡರೆ ನೀರು ಸೇರಿದೆಯೆಂದು ತಿಳಿದು ಒಡನೆಯೇ ತೋರಿಸಬೇಕು.

ಆದರೆ ಬಣ್ಣ ಕಪ್ಪಾಯಿತೆಂಬ ಒಂದೇ ಕುರುಹಿನಿಂದ ಎಣ್ಣೆ ಕೆಟ್ಟಿತೆಂದು ಊಹಿಸುವುದನ್ನು ತಾರ್ಕಿಕರು ಹೇತ್ವಾಭಾಸ ಎನ್ನುತ್ತಾರೆ. ಕಾರಣದಂತೆ ತೋರಿ ಕಾರಣವಲ್ಲದ್ದು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ಹಿಡಿದಿಡುವ ಕೆಲಸವನ್ನು ಅದು ಸರಿಯಾಗಿ ಮಾಡುತ್ತಿದೆ ಎಂದಷ್ಟೇ ಅದರರ್ಥ. ತಿಳಿಯಾಗಿ ಕಾಣುವ ಎಣ್ಣೆಯ ಸತ್ವವೂ ಮುಗಿದಿರಬಹುದು. ಆದುದರಿಂದ ಅವಧಿಯನ್ನು ಲೆಕ್ಕದಿಂದ ನಿರ್ಧರಿಸಬೇಕೇ ಹೊರತು ಬಣ್ಣದಿಂದಲ್ಲ.

ಮನೆಯವರಿಗೆ ಕೆಲವು ಸೂಚನೆಗಳು

ಬಿಡಿ ಎಣ್ಣೆಯನ್ನು ಕೊಳ್ಳಬಾರದು. ಮೊಹರು ಮುರಿಯದ ಡಬ್ಬಿಯನ್ನು ನಂಬುಗೆಯ ಅಂಗಡಿಯಿಂದ ತಂದು ರಸೀದಿಯನ್ನು ಇಟ್ಟುಕೊಳ್ಳಬೇಕು. ಖಾಲಿ ಡಬ್ಬಿಗೆ ನಕಲಿ ಎಣ್ಣೆ ತುಂಬಿ ಮಾರುವವರಿರುವುದರಿಂದ ಅದನ್ನು ಕೊಯ್ದು ಗುಜರಿಗೆ ಹಾಕುವುದು ಲೇಸು. ಎಣ್ಣೆ ಬದಲಿಸಿದಾಗ ಅದರ ಶೋಧಕದ ವಿಷಯದಲ್ಲಿಯೂ ಕೈಪಿಡಿಯ ಮಾತನ್ನು ಪಾಲಿಸಬೇಕು. ಕೊಳೆ ತುಂಬಿದ ಶೋಧಕದಲ್ಲಿ ಹೊಸ ಎಣ್ಣೆಯೂ ಬೇಗ ಹಾಳಾಗುತ್ತದೆ.

ಇಳಿಸಿದ ಹಳೆಯ ಎಣ್ಣೆಯನ್ನು ಹಳ್ಳಕ್ಕೆ, ಬಾವಿಯ ಬಳಿಗೆ, ತಿಪ್ಪೆಗೆ ಸುರಿಯುವುದು ನೆರೆಹೊರೆಯವರ ಕುಡಿಯುವ ನೀರಿಗೆ ಮಾಡುವ ದ್ರೋಹ. ಕೈಗೆ ಮೆತ್ತಿದ್ದನ್ನೂ ಸಾಬೂನಿನಿಂದ ಕೂಡಲೇ ತೊಳೆಯಬೇಕು. ಬಹುಕಾಲ ತಾಗುತ್ತಿದ್ದರೆ ಅದು ಚರ್ಮಕ್ಕೆ ಅಪಾಯಕಾರಿ. ಬಳಸಿದ ಎಣ್ಣೆಯ ಮರುಸಂಸ್ಕರಣೆಗೆ ತಯಾರಕರನ್ನು ಹೊಣೆಯಾಗಿಸುವ ಕೇಂದ್ರದ ನಿಯಮಗಳು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಡುವುದು ಯೋಗ್ಯ.

ಕೊನೆಯದಾಗಿ, ಪ್ರತಿ ಮನೆಯಲ್ಲಿಯೂ ವಾಹನಕ್ಕೊಂದು ಚಿಕ್ಕ ಲೆಕ್ಕದ ವಹಿ ಇರಲಿ. ಎಣ್ಣೆ ಬದಲಿಸಿದ ದಿನಾಂಕ, ಓಡಿದ ಕಿಲೋಮೀಟರು ಅಥವಾ ಗಂಟೆ, ಎಣ್ಣೆಯ ಅಂಕಿ ಮತ್ತು ದರ್ಜೆ, ಮುಂದಿನ ಬದಲಾವಣೆ ಯಾವಾಗ ಎಂಬ ನಾಲ್ಕು ಸಂಗತಿಗಳನ್ನು ಮನೆಯ ಮಕ್ಕಳ ಕೈಯಿಂದ ಬರೆಯಿಸಿರಿ. ಕೈಪಿಡಿ ಸಿಗದಿದ್ದರೆ ಆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಿ ಅಂಕಿಯನ್ನು ವಹಿಯ ಮೊದಲ ಪುಟದಲ್ಲಿಯೇ ಬರೆದಿಡಿರಿ. ಮುಂದೆ ಅಂಗಡಿಗೆ ಯಾರೇ ಹೋದರೂ ಆ ಪುಟವನ್ನು ನೋಡಿಕೊಂಡೇ ಹೋಗಲಿ.