ಬಾಗಿಲು ಮುಚ್ಚಿತು, ಆಮೇಲೆ?

ನಮ್ಮ ಬೀದಿಯ ಕೊನೆಗೊಂದು ಸಾರಾಯಿ ಅಂಗಡಿ ಇತ್ತು. ನಿಮ್ಮೂರಲ್ಲೂ ಇದ್ದಿರಲೇಬೇಕು, ಅಲ್ಲವೇ? ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ಆಚೆ ಬದಿಯಲ್ಲೇ ನಡೆಯುತ್ತಿದ್ದೆವು. ಕಾಲಿಟ್ಟಲ್ಲೆಲ್ಲ ಖಾಲಿ ಪ್ಯಾಕೆಟ್ಟು! ಬಟವಾಡೆಯ ದಿನ ನಮ್ಮ ಮನೆಗೆಲಸದಾಕೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗಂಡನ ಕೂಲಿಯಲ್ಲಿ ಅಕ್ಕಿಗಾದರೂ ಉಳಿಯಲಿ ಅಂತ.

2007ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ಸಾರಾಯಿ ನಿಂತಿತು. ಅಂಗಡಿಗೆ ಬೀಗ ಬಿತ್ತು. ಎರಡು ವರ್ಷ ಪಾಳು ಬಿದ್ದಿದ್ದ ಕಟ್ಟಡಕ್ಕೆ ಮಾಲೀಕರು ಸುಣ್ಣ ಹೊಡೆಸಿ ಹಿಟ್ಟಿನ ಗಿರಣಿಗೆ ಬಾಡಿಗೆಗೆ ಕೊಟ್ಟರು. ಈಗ ನಾವೇ ರಾಗಿ ಡಬ್ಬಿ ಹಿಡಿದು ಅದೇ ಜಗಲಿಯಲ್ಲಿ ಸಾಲಾಗಿ ಕೂರುತ್ತೇವೆ!

ಆದರೆ ಕಟ್ಟಡ ಬದಲಾದಷ್ಟು ಸುಲಭವಾಗಿ ಮನುಷ್ಯ ಬದಲಾಗ್ತಾನೆಯೇ? ಹಳೇ ಗಿರಾಕಿಗಳಲ್ಲಿ ಕೆಲವರು ಕುಡಿತ ಬಿಟ್ಟರು. ಉಳಿದವರು ಬಸ್ ಸ್ಟ್ಯಾಂಡಿನ ಹತ್ತಿರದ ಬ್ರಾಂದಿ ಅಂಗಡಿ ಹಿಡಿದರು, ಅಲ್ಲಿ ಖರ್ಚು ಇನ್ನೂ ಹೆಚ್ಚು. ಮೊನ್ನೆ ಗಿರಣಿಯಲ್ಲಿ ಆಕೆ ಸಿಕ್ಕಳು. ಬಾಗಿಲನ್ನೇ ನೋಡುತ್ತಾ, "ಆವಾಗ ಇಲ್ಲಿಂದ ಎಳ್ಕೊಂಡು ಹೋಗ್ತಿದ್ದೆ ಅಮ್ಮಾ. ಈಗ ಎಲ್ಲೆಲ್ಲಿ ಅಂತ ಹುಡುಕ್ಲಿ?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಆಕೆಯ ರಾಗಿ ಮೊದಲು ಬೀಸಲಿ ಅಂತ ನನ್ನ ಡಬ್ಬಿಯನ್ನು ಹಿಂದಿಟ್ಟೆ, ಅಷ್ಟೆ.

ನಿಮ್ಮೂರಿನ ಆ ಅಂಗಡಿ ಈಗ ಏನಾಗಿದೆ? ಅದರ ಬಾಗಿಲಲ್ಲಿ ಕಾಯುತ್ತಿದ್ದವಳು ಹೇಗಿದ್ದಾಳೆ? ಒಮ್ಮೆ ವಿಚಾರಿಸಿ, ಸೋದರಿಯರೇ.