ಕದ್ದಾಲಿಕೆಯ ಕಡತಕ್ಕೆ ಕಾವಲು ಯಾರು?

ಪಂಜಗುಟ್ಟ ಠಾಣೆಯಲ್ಲಿ 2024ರ ಮಾರ್ಚ್‌ನಲ್ಲಿ ದಾಖಲಾದ ದೂರವಾಣಿ ಕದ್ದಾಲಿಕೆ ಪ್ರಕರಣವನ್ನು ಹೈದರಾಬಾದಿನ ನಾವು ಬಹುಮಟ್ಟಿಗೆ ಪಕ್ಷರಾಜಕೀಯದ ಜಗಳವೆಂದೇ ಓದಿದೆವು. ಯಾರ ಮಾತನ್ನು ಯಾರು ಕೇಳಿಸಿಕೊಂಡರೆಂಬ ಕುತೂಹಲ ಸಹಜವೇ. ಕನ್ನಡಿಗರಿಗೆ ಇದು ಹೊಸ ಕಥೆಯೂ ಅಲ್ಲ. ಇಂಥದೇ ಆರೋಪದಿಂದ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಪದವಿ ತೊರೆದದ್ದು ಹಿರಿಯರಿಗೆ ನೆನಪಿದೆ. ಆದರೆ ಗುಪ್ತಚರ ಕಚೇರಿಯ ಒಳಗಣ ಲೆಕ್ಕವನ್ನು ತಪಾಸಣೆ ಮಾಡುವವರು ಯಾರೆಂಬುದೇ ನಮಗೆ ಹೆಚ್ಚು ಗಂಭೀರವಾಗಿ ಕಾಣುವ ಪ್ರಶ್ನೆ.

ತೆಲಂಗಾಣದ ವಿಶೇಷ ಗುಪ್ತಚರ ವಿಭಾಗವು ಅವಿಭಜಿತ ಆಂಧ್ರದ ಕಾಲದಲ್ಲಿ ನಕ್ಸಲೀಯರ ಮೇಲೆ ಕಣ್ಣಿಡಲು ಕಟ್ಟಿದ ಸಂಸ್ಥೆ. 2023ರ ಡಿಸೆಂಬರ್ 3ರಂದು ಚುನಾವಣಾ ಫಲಿತಾಂಶ ಹೊರಬಿತ್ತು. ಮರುದಿನ ರಾತ್ರಿಯೇ ಅಲ್ಲಿನ ಹಾರ್ಡ್ ಡಿಸ್ಕ್‌ಗಳನ್ನು ಕಿತ್ತು ನಾಶಪಡಿಸಿ, ಚೂರುಗಳನ್ನು ಮೂಸಿ ನದಿಗೆ ಎಸೆಯಲಾಯಿತೆಂಬುದು ತನಿಖಾಧಿಕಾರಿಗಳ ಆರೋಪ. ದೂರು ಕೊಟ್ಟವರು ಅದೇ ವಿಭಾಗದ ಅಧಿಕಾರಿ. ಆದರೆ ಮೂರು ತಿಂಗಳ ಬಳಿಕ!

ಕಾನೂನು ಇರಲಿಲ್ಲವೆಂದಲ್ಲ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ ರೂಪುಗೊಂಡು, 2007ರಲ್ಲಿ 419ಎ ಎಂದು ತಿದ್ದುಪಡಿಯಾದ ಟೆಲಿಗ್ರಾಫ್ ನಿಯಮದಂತೆ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕಿತ್ತು. ರಾಜ್ಯದ ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಪುನರ್ವಿಮರ್ಶಾ ಸಮಿತಿಯು ಎರಡು ತಿಂಗಳಿಗೊಮ್ಮೆಯಾದರೂ ಸೇರಿ ಆ ಆದೇಶಗಳನ್ನು ಪರಿಶೀಲಿಸಬೇಕಿತ್ತು. ಆದರೆ ಸಮಿತಿಯ ಮುಂದೆ ಬರುವುದು ಸಂಖ್ಯೆಗಳ ಪಟ್ಟಿ ಮತ್ತು ವಿಭಾಗವೇ ಬರೆದ ಕಾರಣ. ರಾಜಕಾರಣಿಗಳ ಸಂಖ್ಯೆಗಳನ್ನು ಮಾವೋವಾದಿಗಳ ಬೆಂಬಲಿಗರದೆಂದು ತೋರಿಸಿ ಒಪ್ಪಿಗೆ ಪಡೆಯಲಾಗಿತ್ತೆಂಬುದು ಇಲ್ಲಿನ ಇನ್ನೊಂದು ಆರೋಪ. ಅದು ನಿಜವಾದರೆ, ಸಮಿತಿ ನಿಯಮದಂತೆ ಸೇರಿದ್ದರೂ ಪ್ರಯೋಜನವೇನು?

ಇನ್ನೊಂದು ಸೂಕ್ಷ್ಮವಿದೆ. ಆರು ತಿಂಗಳಿಗೊಮ್ಮೆ ಕದ್ದಾಲಿಕೆಯ ದಾಖಲೆಗಳನ್ನು ನಾಶಪಡಿಸಬೇಕೆಂದು ಅದೇ ನಿಯಮ ಹೇಳುತ್ತಿತ್ತು. ನಾಗರಿಕನ ಖಾಸಗಿತನವನ್ನು ಉಳಿಸುವುದು ಅದರ ಉದ್ದೇಶ. ತಪ್ಪನ್ನು ಮುಚ್ಚಬಯಸುವವನಿಗೂ ಅದೇ ಆಸರೆ. 2024ರ ಡಿಸೆಂಬರಿನಲ್ಲಿ ಬಂದ ಹೊಸ ನಿಯಮಗಳೂ ಬಹುಮಟ್ಟಿಗೆ ಇದೇ ಚೌಕಟ್ಟನ್ನು ಉಳಿಸಿಕೊಂಡಿವೆ.

ಸೇನೆಯಲ್ಲೂ ಈ ಪ್ರಶ್ನೆ ಎದ್ದದ್ದುಂಟು. ಜನರಲ್ ವಿ.ಕೆ. ಸಿಂಗ್ ಭೂಸೇನೆಯ ಮುಖ್ಯಸ್ಥರಾಗಿದ್ದಾಗ ಮಿಲಿಟರಿ ಗುಪ್ತಚರದಲ್ಲಿ ಹುಟ್ಟಿದ ತಾಂತ್ರಿಕ ಬೆಂಬಲ ವಿಭಾಗವನ್ನು, ಅವರ ನಿವೃತ್ತಿಯ ನಂತರ 2012ರಲ್ಲಿ ಮುಚ್ಚಲಾಯಿತು. ಅದರ ಗುಪ್ತನಿಧಿಯ ಬಳಕೆಯನ್ನು ಲೆಫ್ಟಿನೆಂಟ್ ಜನರಲ್ ವಿನೋದ್ ಭಾಟಿಯಾ ನೇತೃತ್ವದ ಸಮಿತಿ ಪರಿಶೀಲಿಸಿತು. ಸಿಂಗ್ ಆರೋಪಗಳನ್ನು ಅಲ್ಲಗಳೆದರು. ಅಲ್ಲಿಯೂ ಪರಿಶೀಲನೆ ನಡೆದದ್ದು ಅಧಿಕಾರ ಕೈಬದಲಾದ ಮೇಲೆಯೇ.

ಗೋಪ್ಯತೆಗೆ ಭಂಗಬಾರದ ಉಪಾಯಗಳಿಲ್ಲವೆಂದು ನಾವು ಒಪ್ಪಲಾರೆವು. ಯಾವ ದಾಖಲೆಯನ್ನು ಯಾವ ದಿನ ಯಾರ ಸಮಕ್ಷಮದಲ್ಲಿ ಅಳಿಸಲಾಯಿತೆಂಬ ವಹಿಯು ಗುಪ್ತಚರ ಕಚೇರಿಯ ಹೊರಗೆ, ಪುನರ್ವಿಮರ್ಶಾ ಸಮಿತಿಯ ವಶದಲ್ಲಿರಲಿ. ಸಮಿತಿಯಲ್ಲಿ ನಿವೃತ್ತ ನ್ಯಾಯಾಧೀಶರೊಬ್ಬರು ಇರಲಿ. ಪಟ್ಟಿಯ ಕೆಲವು ಸಂಖ್ಯೆಗಳನ್ನಾದರೂ ಆರಿಸಿ, ಅವು ಯಾರವೆಂದು ದೂರಸಂಪರ್ಕ ಕಂಪನಿಯಿಂದಲೇ ನೇರವಾಗಿ ತಿಳಿದುಕೊಳ್ಳುವ ಅಧಿಕಾರ ಅವರಿಗಿರಲಿ.