ಅಂತರ್ಜಾಲದ ಹರಾಜೂ ಮಾರುವವನ ಪಾಡೂ

ಸಂತೆಯಲ್ಲಿ ಎತ್ತು ಮಾರುತ್ತಿದ್ದವನಿಗೆ ಒಂದು ಧೈರ್ಯವಿತ್ತು. ಕೊಳ್ಳುವವನು ಕಣ್ಣೆದುರಿಗೇ ನಿಂತಿರುತ್ತಿದ್ದನು. ದಲ್ಲಾಳಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದನು. ಹಣವನ್ನು ಎಣಿಸಿ ಸೊಂಟಕ್ಕೆ ಕಟ್ಟಿಕೊಂಡ ಮೇಲಲ್ಲದೆ ಹಗ್ಗವು ಕೈ ಬದಲಾಗುತ್ತಿರಲಿಲ್ಲ. ಬೆಲೆಯಲ್ಲಿ ಮೋಸ ಹೋಗುವುದಿತ್ತೇ ಹೊರತು, ಮಾರಲು ಹೋದವನೇ ಮನೆಯ ಗಂಟನ್ನೂ ಕಳೆದುಕೊಂಡು ಬರುವ ವಿಪರೀತವಿರಲಿಲ್ಲ.

ಆ ವಿಪರೀತವು ಈಗ ಒದಗಿದೆ. ಕೊಳಾಲ ಹೋಬಳಿಯ ರೈತನೊಬ್ಬನು ತನ್ನ ಹಳೆಯ ಪಂಪುಸೆಟ್ಟನ್ನಾಗಲಿ ಮೋಟಾರು ಸೈಕಲ್ಲನ್ನಾಗಲಿ ಮಾರಬೇಕಾದರೆ ಈಗ ಮಧುಗಿರಿಗೋ ತುಮಕೂರಿಗೋ ಸಾಗಿಸಬೇಕಾಗಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆದು ಅಂತರ್ಜಾಲದ ಮಾರುಕಟ್ಟೆಯಲ್ಲಿಟ್ಟರೆ, ಗಳಿಗೆಯೊಳಗೆ ಎಲ್ಲೆಲ್ಲಿಂದಲೋ ಬೆಲೆ ಕೂಗುವವರು ಹುಟ್ಟುತ್ತಾರೆ. ಹಣವು ಬರಲು 2016ರಲ್ಲಿ ಜಾರಿಗೆ ಬಂದ ಯು.ಪಿ.ಐ. ಏರ್ಪಾಡಿದೆ. ನಮ್ಮ ದೇಶದವರೇ ಕಟ್ಟಿ, ಬೀದಿಯ ಹೂವಾಡಗಿತ್ತಿಯ ಕೈಗೂ ತಲುಪಿಸಿದ ಏರ್ಪಾಡಿದು. ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೆ ರಸ್ತೆಯು ಚೆನ್ನಾದಷ್ಟೂ ಕಳ್ಳನ ಗಾಡಿಯೂ ಬೇಗನೆ ಓಡುವುದೆಂಬುದನ್ನು ನಾವು ಮರೆಯಲಾಗದು.

ಮೋಸದ ಬಗೆಗಳನ್ನು ವಾಚಕರು ತಿಳಿದಿರುವುದು ಅವಶ್ಯ. ಕೊಳ್ಳುವವನು ದೂರವಾಣಿಯಲ್ಲಿ ಮಾತನಾಡಿ, ಚೌಕಾಸಿಯೇ ಇಲ್ಲದೆ ಬೆಲೆಗೆ ಒಪ್ಪುತ್ತಾನೆ. ತಾನು ಸೇನೆಯಲ್ಲಿರುವವನೆಂದು ಹೇಳಿ, ಸಮವಸ್ತ್ರದ ಭಾವಚಿತ್ರವನ್ನು ಕಳುಹಿಸುವುದೂ ಉಂಟು. ಸಿಪಾಯಿಯೆಂದರೆ ನಮ್ಮ ಜನರಿಗಿರುವ ಗೌರವವನ್ನೇ ಬಂಡವಾಳ ಮಾಡಿಕೊಂಡ ಈ ನೀಚತನಕ್ಕೆ ಏನೆನ್ನಬೇಕು! ಬಳಿಕ ಒಂದು ಕ್ಯೂ.ಆರ್. ಚಿತ್ರವನ್ನು ಕಳುಹಿಸಿ, 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ಹಣ ಬರುತ್ತದೆ' ಎನ್ನುತ್ತಾನೆ. ಒತ್ತಿದೊಡನೆ ಹಣವು ಬರುವುದಕ್ಕೆ ಬದಲಾಗಿ ಹೋಗುತ್ತದೆ. ಎರಡನೆಯ ಬಗೆಯವನು ಹಣ ಸಂದಾಯವಾದಂತೆ ಸುಳ್ಳು ಚಿತ್ರವನ್ನು ತೋರಿಸಿ ಸಾಮಾನನ್ನು ಎತ್ತಿಕೊಂಡು ಹೋಗುತ್ತಾನೆ. ಮೂರನೆಯವನು ಸುಳ್ಳು ಸಂದೇಶವೊಂದನ್ನು ಕಳುಹಿಸಿ, 'ಕೈತಪ್ಪಿ ಹೆಚ್ಚು ಹಣ ಬಂದಿದೆ, ಮಿಕ್ಕದ್ದನ್ನು ಹಿಂದಿರುಗಿಸಿರಿ' ಎಂದು ಗೋಗರೆಯುತ್ತಾನೆ. ಮಾರುವವನ ಮರ್ಯಾದೆಯೇ ಇಲ್ಲಿ ಅವನಿಗೆ ಉರುಳಾಗುತ್ತದೆ.

ಒಬ್ಬರಿಂದೊಬ್ಬರು ಹಣವನ್ನು ಕೋರಿ ಪಡೆಯುವ ಸೌಕರ್ಯವನ್ನು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನವರು 2025ರ ಅಕ್ಟೋಬರ್ ತಿಂಗಳಿನಿಂದ ನಿಲ್ಲಿಸಿದರು. ಇದು ಶ್ಲಾಘ್ಯವಾದ ಕ್ರಮ. ಆದರೆ ಒಂದು ಬಾಗಿಲು ಮುಚ್ಚಿತೆಂದು ಮನೆಯೆಲ್ಲವೂ ಭದ್ರವಾಯಿತೆಂದು ತಿಳಿಯಲಾಗದು.

ಇದಕ್ಕಿಂತಲೂ ಗಹನವಾದ ತೊಂದರೆಯೊಂದುಂಟು. ಅದರಲ್ಲಿ ಮಾರುವವನು ಎಳ್ಳಷ್ಟೂ ತಪ್ಪು ಮಾಡಿರುವುದಿಲ್ಲ. ಸಾಮಾನು ಕೊಟ್ಟನು, ಸರಿಯಾದ ಹಣವೂ ಖಾತೆಗೆ ಬಂದಿತು. ಕೆಲವು ದಿವಸಗಳ ಮೇಲೆ ಬ್ಯಾಂಕಿಗೆ ಹೋದರೆ ಖಾತೆಯೇ ಸ್ತಂಭಿತವಾಗಿದೆ! ವಿಚಾರಿಸಿದರೆ, ಆ ಹಣವು ಮತ್ತಾವನನ್ನೋ ವಂಚಿಸಿ ತಂದದ್ದೆಂದೂ, ಯಾವುದೋ ದೂರದ ಪ್ರಾಂತದ ಪೋಲೀಸರ ಸೂಚನೆಯ ಮೇರೆಗೆ ಖಾತೆಯನ್ನು ತಡೆದಿದೆಯೆಂದೂ ತಿಳಿಯುತ್ತದೆ. ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 102ನೆಯ ಕಲಮಿನಲ್ಲಿದ್ದ ಈ ಜಪ್ತಿಯ ಅಧಿಕಾರವು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೆಯ ಕಲಮಿಗೆ ಬಂದಿದೆ. ಅಧಿಕಾರವು ಬೇಕೇ ಬೇಕು. ಇಲ್ಲದಿದ್ದರೆ ಕಳ್ಳಹಣದ ಬೆನ್ನು ಹತ್ತುವುದೆಂತು? ಆದರೆ ಐದು ಸಾವಿರ ರೂಪಾಯಿಗಳ ತಕರಾರಿಗಾಗಿ ಬಡವನೊಬ್ಬನ ಬೀಜದ ಹಣ, ಮಗಳ ಫೀಜಿನ ಹಣ ಎಲ್ಲವನ್ನೂ ಕಟ್ಟಿಹಾಕುವುದು ನ್ಯಾಯವೆ? ವಿವಾದಕ್ಕೊಳಗಾದ ಮೊತ್ತಕ್ಕೆ ಮಾತ್ರವೇ ಈ ತಡೆಯು ಸೀಮಿತವಾಗಿರಬೇಕೆಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಈ ವಿವೇಕವು ಎಲ್ಲ ಪ್ರಾಂತಗಳಲ್ಲಿಯೂ ನಿಯಮವಾಗಬೇಕೆಂಬುದು ನಮ್ಮ ಸ್ಪಷ್ಟಾಭಿಪ್ರಾಯ.

ನಷ್ಟವಾದವನಿಗೆ ಕಾನೂನಿನ ಆಸರೆಯಾದರೂ ಎಷ್ಟು? ಖಾತೆದಾರನ ಒಪ್ಪಿಗೆಯಿಲ್ಲದೆ ಹೊರಗಿನವರು ಹಣವನ್ನು ಅಪಹರಿಸಿ, ಅವನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದಲ್ಲಿ, ಅವನು ನಷ್ಟ ಹೊರಬೇಕಾಗಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಆದರೆ ವಂಚಕನ ಮಾತಿಗೆ ಮರುಳಾಗಿ ತಾನೇ ಪಿನ್ ಒತ್ತಿದವನಿಗೆ ಈ ಆಶ್ರಯವು ದೊರೆಯುವುದು ದುರ್ಲಭ. ಸೋಗುಹಾಕಿ ವಂಚಿಸಿದವನಿಗೆ 2000ದ ಮಾಹಿತಿ ತಂತ್ರಜ್ಞಾನ ಶಾಸನದ 66-ಡಿ ಕಲಮಿನ ಪ್ರಕಾರ ಮೂರು ವರ್ಷಗಳವರೆಗೆ ಸಜೆಯುಂಟು. ಆದರೆ ಸಜೆಯಾಗಬೇಕಾದರೆ ಅಪರಾಧಿಯು ಮೊದಲು ಸಿಕ್ಕಬೇಕಲ್ಲವೆ?

ಇದೆಲ್ಲವನ್ನು ಕೇಳಿ, 'ಹಾಗಾದರೆ ನಗದೇ ಲೇಸು' ಎನ್ನುವವರುಂಟು. 2025ರ ಜುಲೈನಲ್ಲಿ ಯು.ಪಿ.ಐ. ಲೆಕ್ಕವನ್ನು ಆಧಾರ ಮಾಡಿಕೊಂಡು ವಾಣಿಜ್ಯ ತೆರಿಗೆ ಇಲಾಖೆಯವರು ನೋಟೀಸುಗಳನ್ನು ಕಳುಹಿಸಿದಾಗ ಬೆಂಗಳೂರಿನ ಅನೇಕ ಚಿಲ್ಲರೆ ಅಂಗಡಿಗಳವರು ಹಾಗೆಯೇ ಮಾಡಿದರು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ಮಾರ್ಗವನ್ನು ನಾವು ಒಪ್ಪಲಾರೆವು. ದೋಷವಿರುವುದು ವಿದ್ಯುದ್ಯಂತ್ರದಲ್ಲಲ್ಲ, ನಡುವೆ ಜವಾಬ್ದಾರನಾದ ಮಧ್ಯಸ್ಥನಿಲ್ಲದಿರುವುದರಲ್ಲಿ.

ಇದಕ್ಕೆ ನಿದರ್ಶನವು ನಮ್ಮ ಜಿಲ್ಲೆಯಲ್ಲಿಯೇ ಇದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಹರಾಜು ವಿದ್ಯುನ್ಮಾನದ ಮೂಲಕವೇ ನಡೆಯುತ್ತದೆ. ಅಲ್ಲಿ ಬೆಲೆ ಕೂಗುವವನು ಲೈಸೆನ್ಸು ಪಡೆದ ವರ್ತಕ; ತಕರಾರು ಕೇಳಲು ಮಾರುಕಟ್ಟೆ ಸಮಿತಿಯಿದೆ; ಹೆಸರಿಲ್ಲದ ಆಸಾಮಿಗೆ ಅಲ್ಲಿ ಪ್ರವೇಶವಿಲ್ಲ. 2018ರಲ್ಲಿ ತನ್ನ ಬಾಗಿಲು ಮುಚ್ಚಿದ ಈಬೇ ಇಂಡಿಯಾ ಸಂಸ್ಥೆಯಲ್ಲಿಯೂ ಪೈಸಾಪೇ ಎಂಬ ಪದ್ಧತಿಯಿತ್ತು: ಕೊಳ್ಳುವವನ ಹಣವು ಮೊದಲು ಸಂಸ್ಥೆಯ ಕೈಸೇರಿ, ಆಮೇಲೆ ಮಾರುವವನಿಗೆ ಸಲ್ಲುತ್ತಿತ್ತು. ಹಳೆಯ ಸಾಮಾನುಗಳ ಜಾಹೀರಾತಿನಿಂದ ಲಾಭ ಪಡೆಯುವ ಇಂದಿನ ಸಂಸ್ಥೆಗಳಿಗೆ ಇಷ್ಟು ಹೊಣೆಯನ್ನು ಹೊರಿಸುವುದು ಅತಿಯೇನೂ ಅಲ್ಲ.

ಆದಕಾರಣ ನಾಲ್ಕು ಸಲಹೆಗಳನ್ನು ಮುಂದಿಡುತ್ತೇವೆ. ಪಿನ್ ಒತ್ತುವ ಮುನ್ನ 'ಈ ಹಣವು ನಿಮ್ಮ ಖಾತೆಯಿಂದ ಹೋಗುತ್ತದೆ' ಎಂಬ ಮಾತು ದಪ್ಪ ಕನ್ನಡ ಅಕ್ಷರಗಳಲ್ಲಿಯೂ ಧ್ವನಿಯಲ್ಲಿಯೂ ಬರಲಿ. ಖಾತೆಯನ್ನು ತಡೆದಲ್ಲಿ ಕಾರಣವನ್ನೂ ತಡೆದವರ ವಿಳಾಸವನ್ನೂ ಬ್ಯಾಂಕಿನವರು ಕೂಡಲೇ ಬರೆದು ತಿಳಿಸಲಿ. ನಿರಪರಾಧಿಯಾದವನು ತನ್ನ ರಸೀತಿಗಳನ್ನು ಜಿಲ್ಲೆಯ ಸಿ.ಇ.ಎನ್. ಪೋಲೀಸ್ ಠಾಣೆಯಲ್ಲಿಯೇ ಹಾಜರುಪಡಿಸಿ ಬಿಡುಗಡೆ ಪಡೆಯುವಂತಾಗಲಿ. ಕೊಳ್ಳುವವರ ಗುರುತನ್ನು ಪರೀಕ್ಷಿಸದೆ ಬೆಲೆ ಕೂಗಗೊಡುವ ಮಾರುಕಟ್ಟೆಗಳನ್ನು ಸರ್ಕಾರದವರು ಹೊಣೆ ಮಾಡಲಿ.

ಮಾರುವವನು ತಾನೂ ಮೈಮರೆಯಬಾರದು. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಒತ್ತುವುದು ಕೊಡುವುದಕ್ಕೇ. ಪರರ ಮೊಬೈಲಿನ ಚಿತ್ರವನ್ನು ನಂಬದೆ ತನ್ನ ಖಾತೆಯ ಲೆಕ್ಕವನ್ನು ತಾನೇ ನೋಡಿಕೊಳ್ಳಬೇಕು. ಕೊಂಡವನ ಹೆಸರು, ವಿಳಾಸ, ರಸೀತಿಗಳನ್ನು ಇಟ್ಟುಕೊಳ್ಳಬೇಕು. ಮೋಸವಾಯಿತೆಂದು ಕಂಡರೆ ನಾಚಿ ಮನೆಯಲ್ಲಿ ಕೂರದೆ ಆ ಗಳಿಗೆಯಲ್ಲಿಯೇ 1930ಕ್ಕೆ ಕರೆಮಾಡಬೇಕು. ಹಣವು ಕೈಯಿಂದ ಕೈಗೆ ದಾಟುವುದಕ್ಕೆ ಮುಂಚೆ ತಿಳಿಸಿದರೆ ತಡೆಯುವ ಸಂಭವವುಂಟು.

ಓದು ಬಲ್ಲವರಿಗೂ ಅಧಿಕಾರದಲ್ಲಿರುವವರಿಗೂ ನಮ್ಮದೊಂದು ಬಿನ್ನಹ. ಈ ನಾಲ್ಕು ಮಾತುಗಳನ್ನು ಪಂಚಾಯಿತಿಯ ಕಟ್ಟೆಯಲ್ಲಿ, ಸಹಕಾರ ಸಂಘದಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ ಒಂದೊಂದು ಸಲ ಓದಿ ಹೇಳಿರಿ. ಓದಲಾರದವನ ಕೈಗೆ ನಾವೇ ಈ ಯಂತ್ರವನ್ನು ಕೊಟ್ಟಿದ್ದೇವೆ. ಅದರ ಅಪಾಯವನ್ನು ತಿಳಿಸುವ ಋಣವೂ ನಮ್ಮ ಮೇಲೆಯೇ ಇದೆ.